ನ್ಯೂಯಾರ್ಕ್–ಲಂಡನ್ ರಾತ್ರಿ ವಿಮಾನ, ಬಿಸಿನೆಸ್ ಕ್ಲಾಸ್: ಯಾವ ಹೊತ್ತಿನದು ಹಿಡಿಯಬೇಕು?

ಎಡಿಸನ್‌ಕನ್ನಡಿಗ:
ಜೆಎಫ್‌ಕೆಯಿಂದ ಹೀಥ್ರೋಗೆ ಆಫೀಸಿನವರು ಬ್ರಿಟಿಷ್ ಏರ್‌ವೇಸ್ ಬಿಸಿನೆಸ್ ಕ್ಲಾಸ್ ಟಿಕೆಟ್ ಕೊಡ್ತಿದ್ದಾರೆ. ಸಂಜೆ ಆರೂವರೆ ಹೊತ್ತಿಗೆ ಒಂದು ವಿಮಾನ, ರಾತ್ರಿ ಒಂಬತ್ತೂವರೆ ಹೊತ್ತಿಗೆ ಇನ್ನೊಂದು, ಎರಡರಲ್ಲೂ ಜಾಗ ಇದೆ. ಇಳಿದ ದಿನವೇ ಮಧ್ಯಾಹ್ನ 2ಕ್ಕೆ ಕ್ಯಾನರಿ ವಾರ್ಫ್‌ನಲ್ಲಿ ಮೀಟಿಂಗ್. ಬೇಗ ಹೊರಟರೆ ಬೇಗ ತಲುಪಿ ಸುಧಾರಿಸಿಕೊಳ್ಳಬಹುದು ಅಂತ ಆರೂವರೆಯದ್ದೇ ಮಾಡಿಸೋಣ ಅಂದುಕೊಂಡಿದ್ದೇನೆ. ಸರಿಯೇ? ಯಾವ ಸೀಟು ಹಿಡಿಯಲಿ? ನಾನು ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಪಾಸ್‌ಪೋರ್ಟ್ ಭಾರತದ್ದು, ಬ್ರಿಟನ್ ವೀಸಾ ಆಗಿದೆ.

ಮೇಘಮಾರ್ಗ:
ಆರೂವರೆಯದ್ದು ಬೇಡ, ಒಂಬತ್ತೂವರೆಯದ್ದು ಹಿಡಿಯಿರಿ.

ಈ ದಾರಿಯ ತೊಂದರೆಯೇ ಹೊತ್ತು ಸಾಲದಿರುವುದು. ಜೆಟ್ ಸ್ಟ್ರೀಮ್ (ಆಕಾಶದ ಎತ್ತರದಲ್ಲಿ ಪೂರ್ವಕ್ಕೆ ಜೋರಾಗಿ ಬೀಸುವ) ಗಾಳಿ ಹಿಂದಿನಿಂದ ತಳ್ಳುವುದರಿಂದ ಆಕಾಶದಲ್ಲಿ ಇರುವುದು ಆರರಿಂದ ಆರೂವರೆ ಗಂಟೆ ಮಾತ್ರ. ಚಳಿಗಾಲದಲ್ಲಿ ಇನ್ನೂ ಕಡಿಮೆ ಆಗಬಹುದು. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ನಡುವೆ ಬ್ರಿಟಿಷ್ ಏರ್‌ವೇಸ್‌ನ 747 ಒಂದು ಇದೇ ದಾರಿಯನ್ನು 4 ಗಂಟೆ 56 ನಿಮಿಷಕ್ಕೆ ಮುಗಿಸಿತ್ತು. ಮಲಗುವವರಿಗೆ ಅದು ಒಳ್ಳೆಯ ಸುದ್ದಿಯಲ್ಲ.

ಲೆಕ್ಕ ಹಾಕಿ ನೋಡಿ. ಆರು ಗಂಟೆ ಇಪ್ಪತ್ತು ನಿಮಿಷ ಅಂದುಕೊಳ್ಳೋಣ. ಮೇಲೇರಿ ಬೆಲ್ಟ್ ಸಂಕೇತ ಆರುವ ತನಕ ಸುಮಾರು ಅರ್ಧ ಗಂಟೆ ಹೋಯಿತು. ಕೊನೆಯಲ್ಲಿ ಸೀಟು ನೆಟ್ಟಗೆ ಮಾಡಿಸುವುದರಿಂದ ಇಳಿಯುವವರೆಗೆ ಮತ್ತೆ ಮೂವತ್ತು ನಲವತ್ತು ನಿಮಿಷ. ಉಳಿದದ್ದು ಐದು ಗಂಟೆ ಚಿಲ್ಲರೆ. ಪಾನೀಯ, ಸ್ಟಾರ್ಟರ್, ಊಟ, ಸಿಹಿ ಅಂತ ಪೂರ್ತಿ ಕೂತರೆ ಒಂದೂಮುಕ್ಕಾಲು ಗಂಟೆ ಅದಕ್ಕೇ ಬೇಕು. ತಿಂಡಿಗೆ ಎಬ್ಬಿಸಿಕೊಂಡರೆ ಇನ್ನೊಂದು ಮುಕ್ಕಾಲು ಗಂಟೆ. ಕೈಗೆ ಸಿಗುವ ನಿದ್ದೆ ಎರಡೂವರೆ ಗಂಟೆ ಆಸುಪಾಸು! ಊಟ ನೆಲದಲ್ಲೇ ಮುಗಿಸಿ ಹತ್ತಿದರೆ ಆ ಐದು ಗಂಟೆ ನಿಮ್ಮದೇ. ಟರ್ಮಿನಲ್ 8ರಲ್ಲಿ ಬಿಸಿನೆಸ್ ಟಿಕೆಟ್‌ಗೆ ಗ್ರೀನ್‌ವಿಚ್ ಲೌಂಜ್ ಪ್ರವೇಶ ಇದೆ. ಹೊರಡುವುದಕ್ಕೆ ಎರಡು ಗಂಟೆ ಮುಂಚೆ ಅಲ್ಲಿ ಕೂತು ಊಟ ಮಾಡಿ, ಹಲ್ಲುಜ್ಜಿ, ಸಡಿಲ ಬಟ್ಟೆ ಹಾಕಿಕೊಂಡೇ ವಿಮಾನ ಹತ್ತಿ.

ಸಂಜೆ ಆರೂವರೆಗೆ ಹೊರಟರೆ ಇದು ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಏಳು ಗಂಟೆಗೆ ಹಾಸಿಗೆ ಹಾಸಿಕೊಟ್ಟರೂ ಮೈ ನಿದ್ದೆಗೆ ತಯಾರಿರುವುದಿಲ್ಲ. ಮೇಲಾಗಿ ಲಂಡನ್‌ನಲ್ಲಿ ಇಳಿಯುವುದು ಬೆಳಗಿನ ಆರೂಕಾಲಕ್ಕೆ. ಹೋಟೆಲ್ ರೂಮು ಸಾಮಾನ್ಯವಾಗಿ ಮಧ್ಯಾಹ್ನ ಎರಡು ಮೂರರ ತನಕ ಸಿಗುವುದಿಲ್ಲ, ಸುಧಾರಿಸಿಕೊಳ್ಳುವುದಾದರೂ ಎಲ್ಲಿ?

ಒಂಬತ್ತೂವರೆಯದ್ದು ಒಂಬತ್ತೂಕಾಲು ಒಂಬತ್ತೂವರೆಗೆ ಇಳಿಯುತ್ತದೆ. ಭಾರತದ ಪಾಸ್‌ಪೋರ್ಟ್‌ಗೆ ಇ-ಗೇಟ್ (ಪಾಸ್‌ಪೋರ್ಟ್ ಓದಿ ತಾನೇ ತೆರೆಯುವ ಗೇಟ್) ಇಲ್ಲ, ಆಫೀಸರ್ ಮುಂದೆಯೇ ಹೋಗಬೇಕು, ಒಂದು ಗಂಟೆ ಇಟ್ಟುಕೊಳ್ಳಿ. ಟರ್ಮಿನಲ್ 5ರಲ್ಲಿ ಕಸ್ಟಮ್ಸ್ ದಾಟಿದ ಮೇಲೆ ಅರೈವಲ್ಸ್ ಲೌಂಜ್ ಇದೆ. ಸ್ನಾನ, ತಿಂಡಿ, ಎರಡೂ ಅಲ್ಲೇ. ಆಮೇಲೆ ರೈಲಿನ ಎಲಿಜಬೆತ್ ಲೈನ್‌ಗೆ ಒಂದು ಗಂಟೆ ಅಂದರೂ ಹನ್ನೆರಡೂವರೆಗೆ ಕ್ಯಾನರಿ ವಾರ್ಫ್‌ನಲ್ಲಿರುತ್ತೀರಿ.

ಮೊದಲಸಾಲು:
ಸೀಟಿನ ಬಗ್ಗೆ. ಮೊದಲು ಯಾವ ವಿಮಾನ ಅಂತ ನೋಡಿ. ಎ350 ಅಥವಾ 787-10 ಇದ್ದರೆ ನಿಶ್ಚಿಂತೆ, ಕ್ಲಬ್ ಸ್ವೀಟ್ ಅನ್ನುವ ಬಾಗಿಲಿರುವ ಹೊಸ ಬಿಸಿನೆಸ್ ಸೀಟು, ಸಾಲಿಗೆ 1-2-1, ಯಾರನ್ನೂ ದಾಟದೆ ಎಲ್ಲರೂ ಓಡಾಡುವ ದಾರಿಗೆ ಬರಬಹುದು. ಇವೆರಡರಲ್ಲಿ ಕ್ಯಾಬಿನ್ ಒಳಗಿನ ಗಾಳಿಯ ಒತ್ತಡವನ್ನು ಹೆಚ್ಚೆಂದರೆ 6,000 ಅಡಿ ಎತ್ತರದ ಬೆಟ್ಟದ ಮೇಲಿರುವ ಮಟ್ಟದಲ್ಲಿ ಇಡುತ್ತಾರೆ, 777ರಲ್ಲಿ ಅದು 8,000ದ ತನಕ ಹೋಗುತ್ತದೆ. ಬೆಳಿಗ್ಗೆ ತಲೆ ಭಾರ ಆಗುವುದರಲ್ಲಿ ಈ ವ್ಯತ್ಯಾಸಕ್ಕೂ ಪಾಲಿದೆ. ಹಳೆಯ ಕ್ಲಬ್ ವರ್ಲ್ಡ್ ಸೀಟು ಬಂದರೆ ಕಿಟಕಿಯವರು ಹಿಂದಕ್ಕೆ ಮುಖ ಮಾಡಿ ಕೂರಬೇಕು. ಹೆಚ್ಚಿನ ಸಾಲುಗಳಲ್ಲಿ ಏಳಬೇಕಾದರೆ ಪಕ್ಕದವರ ಕಾಲು ದಾಟಬೇಕು. ಏರೋಲೋಪಾ ತಾಣದ ನಕ್ಷೆಯಲ್ಲಿ ಯಾವ ಸಾಲಿಗೆ ಈ ತೊಂದರೆ ಇಲ್ಲ ಅನ್ನುವುದು ಗೊತ್ತಾಗುತ್ತದೆ.

ಕ್ಲಬ್ ಸ್ವೀಟ್‌ನಲ್ಲಿ ಕಾಲು ಚಾಚುವುದು ಮುಂದಿನ ಸೀಟಿನ ಪಕ್ಕದ ಗೂಡಿನೊಳಗೆ. ಅದು ಇಕ್ಕಟ್ಟು, ಮಗ್ಗುಲಾಗಿ ಮಲಗುವವರಿಗೆ ಮೊಣಕಾಲು ತಗಲುತ್ತದೆ. ಕ್ಯಾಬಿನ್‌ನ ಮೊದಲ ಸಾಲಿನಲ್ಲಿ ಆ ಗೂಡು ದೊಡ್ಡದು, ಆದರೆ ಮಗುವಿನ ತೊಟ್ಟಿಲು ಹಾಕುವುದೂ ಅಲ್ಲೇ, ಅಡುಗೆಯ ಗ್ಯಾಲಿಯೂ ಹತ್ತಿರ. ನನ್ನ ಆಯ್ಕೆ: ಕ್ಯಾಬಿನ್ ನಡುವಿನ ಸಾಲು, ಕಿಟಕಿ. ಆರಿಸಲು ದುಡ್ಡು ಕೇಳಿದರೆ ಹೊರಡುವ 24 ಗಂಟೆ ಮುಂಚೆ ಚೆಕ್-ಇನ್ ತೆರೆದ ಕೂಡಲೇ ಉಚಿತವಾಗಿ ಆರಿಸಬಹುದು.

ಇನ್ನೆರಡು ಮಾತು. ಬೆಲ್ಟನ್ನು ಹೊದಿಕೆಯ ಮೇಲೆ ಕಾಣುವ ಹಾಗೆ ಹಾಕಿಕೊಳ್ಳಿ. ಅಟ್ಲಾಂಟಿಕ್ ಮೇಲೆ ಕುಲುಕಾಟ ಶುರುವಾದಾಗ ಸಿಬ್ಬಂದಿ ನಿಮ್ಮನ್ನು ಎಬ್ಬಿಸಿ ಕೇಳುವುದು ತಪ್ಪುತ್ತದೆ. ಫೋನ್ ಸೀಟಿನ ಸಂದಿಗೆ ಬಿದ್ದರೆ ಸೀಟನ್ನು ಅಲುಗಿಸಲೇಬೇಡಿ, ಬೆಲ್ ಒತ್ತಿ. ಮೋಟಾರಿನ ಕೆಳಗೆ ಬ್ಯಾಟರಿ ಜಜ್ಜಿದರೆ ಬೆಂಕಿ ಹತ್ತಿಕೊಳ್ಳುತ್ತದೆ.

ಸಸ್ಯಾಹಾರಿ_ಪಯಣ:
ಊಟ ನೆಲದಲ್ಲಿ ಮಾಡಿದರೂ ವಿಶೇಷ ಊಟ ಬುಕ್ ಮಾಡಿಡಿ, ವಿಮಾನ ತಡವಾದರೆ ಬೇಕಾಗುತ್ತದೆ. ನಿಮಗೆ ಬೇಕಾದ ಕೋಡ್ ಎವಿಎಂಎಲ್, ಅಂದರೆ ಭಾರತೀಯ ಶೈಲಿಯ ಸಸ್ಯಾಹಾರ, ಹಾಲು ಮೊಸರು ಇರುತ್ತದೆ. ವಿಜಿಎಂಎಲ್ ಅಂದರೆ ವೀಗನ್. ವಿಎಲ್‌ಎಂಎಲ್ ಹಾಕಬೇಡಿ, ಅದರಲ್ಲಿ ಮೊಟ್ಟೆ ಬರುತ್ತದೆ. ಎಚ್ಎನ್ಎಂಎಲ್ ಹೆಸರಿಗೆ ಹಿಂದೂ ಊಟ, ಆದರೆ ಮಾಂಸಾಹಾರ. ಬಹಳ ಜನ ಇಲ್ಲೇ ಎಡವುತ್ತಾರೆ. 24 ಗಂಟೆ ಮುಂಚೆ ಹೇಳಿರಬೇಕು. ಟಿಕೆಟ್ ಅಮೆರಿಕನ್ ಏರ್‌ಲೈನ್ಸ್ ಮೂಲಕ ಆಗಿದ್ದರೆ ಬ್ರಿಟಿಷ್ ಏರ್‌ವೇಸ್‌ನ ಬುಕಿಂಗ್ ನಂಬರ್ ಬೇರೆಯೇ ಇರುತ್ತದೆ, ಅದನ್ನು ಕೇಳಿಕೊಂಡು ಅವರ ತಾಣದಲ್ಲೇ ನೋಡಿ. ವಿಮಾನ ಬದಲಾದರೆ ಕೋಡ್ ಜೊತೆಗೆ ಬರದೇ ಹೋಗಬಹುದು, ಮತ್ತೆ ಖಚಿತಪಡಿಸಿಕೊಳ್ಳಿ.

ಎಡಿಸನ್‌ಕನ್ನಡಿಗ:
ಎಲ್ಲರಿಗೂ ಧನ್ಯವಾದ, ಒಂಬತ್ತೂವರೆಯದ್ದೇ ಮಾಡಿಸುತ್ತೇನೆ. ಮೆಲಟೋನಿನ್ (ನಿದ್ದೆಯ ಹಾರ್ಮೋನ್) ಮಾತ್ರೆ ತಗೊಳ್ಳಬಹುದಾ? ಇಳಿದ ಮೇಲೆ ಬಿಸಿಲಲ್ಲಿ ಓಡಾಡಿ ಅಂತಾರಲ್ಲ, ಅದು ನಿಜವೇ?

ಮೇಘಮಾರ್ಗ:
ಬಿಸಿಲು ನಿಜ, ಆದರೆ ಯಾವ ಹೊತ್ತಿನ ಬಿಸಿಲು ಅನ್ನುವುದು ಮುಖ್ಯ. ಬೆಳಿಗ್ಗೆ ಏಳಕ್ಕೆ ಏಳುವವರ ಮೈಬಿಸಿ ತೀರಾ ಕೆಳಗಿಳಿಯುವುದು ನಸುಕಿನ ನಾಲ್ಕು ಐದರ ಹೊತ್ತಿಗೆ. ಅದಕ್ಕೆ ಮುಂಚೆ ಬೆಳಕು ಬಿದ್ದರೆ ದೇಹದ ಗಡಿಯಾರ ಹಿಂದಕ್ಕೆ ಸರಿಯುತ್ತದೆ, ಅಂದರೆ ನಿದ್ದೆ ಇನ್ನೂ ತಡವಾಗಿ ಬರುತ್ತದೆ; ಆಮೇಲೆ ಬಿದ್ದರೆ ಮುಂದಕ್ಕೆ, ನಿದ್ದೆ ಬೇಗ ಬರುತ್ತದೆ. ಪೂರ್ವಕ್ಕೆ ಹೋಗುವವರಿಗೆ ಬೇಕಾದದ್ದು ಮುಂದಕ್ಕೆ. ನ್ಯೂಯಾರ್ಕಿನ ನಾಲ್ಕು ಐದು ಅಂದರೆ ಲಂಡನ್ನಿನ ಒಂಬತ್ತು ಹತ್ತು. ಆರೂಕಾಲಕ್ಕೆ ಇಳಿದು ಬಿಸಿಲಿಗೆ ಹೋದವರಿಗೆ ಅದು ಉಲ್ಟಾ ಹೊಡೆಯುತ್ತದೆ. ನೀವು ಹತ್ತರವರೆಗೆ ಕಪ್ಪು ಕನ್ನಡಕ ಹಾಕಿಕೊಂಡಿದ್ದು ಆಮೇಲೆ ಧಾರಾಳವಾಗಿ ಬೆಳಕಿನಲ್ಲಿರಿ. ಮಾರ್ಚ್‌ನಲ್ಲಿ ಎರಡು ಮೂರು ವಾರ ಮತ್ತು ಅಕ್ಟೋಬರ್ ಕೊನೆಯಲ್ಲಿ ಒಂದು ವಾರ ಎರಡೂ ಊರಿಗೆ ಅಂತರ ಐದಲ್ಲ, ನಾಲ್ಕೇ ಗಂಟೆ. ಆಗ ಹೋಗುವುದಾದರೆ ಲಂಡನ್ನಿನ ಈ ಹೊತ್ತುಗಳನ್ನು ಒಂದು ಗಂಟೆ ಮುಂಚೆ ಅಂತ ಲೆಕ್ಕ ಹಾಕಿಕೊಳ್ಳಿ.

ಮೆಲಟೋನಿನ್ ಅರ್ಧದಿಂದ 3 ಮಿಲಿಗ್ರಾಂ ಸಾಕು, ಮಲಗುವ ಅರ್ಧ ಗಂಟೆ ಮುಂಚೆ; ಜೊತೆಗೆ ವೈನ್ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಾದರೆ ಡಾಕ್ಟರನ್ನು ಕೇಳಿಯೇ. ಅಮೆರಿಕದಲ್ಲಿ ಚೀಟಿ ಇಲ್ಲದೆ ಸಿಗುತ್ತದೆ, ಬ್ರಿಟನ್‌ನಲ್ಲಿ ಚೀಟಿ ಬೇಕು, ಇಲ್ಲಿಂದಲೇ ಒಯ್ಯಿರಿ. ಝೋಲ್ಪಿಡೆಮ್ ತರಹದ ನಿದ್ದೆ ಮಾತ್ರೆ ಖಂಡಿತ ಬೇಡ. ಅದಕ್ಕೆ ಏಳೆಂಟು ಗಂಟೆ ಮಲಗಲು ಸಿಗಬೇಕು, ನಿಮಗೆ ಸಿಗುವುದು ಐದು.

ಹಗಲುಪಯಣ:
ಮೀಟಿಂಗಿನ ಹಿಂದಿನ ದಿನ ಬೆಳಿಗ್ಗೆಯೇ ಹೊರಡಲು ಆಫೀಸು ಒಪ್ಪಿದರೆ ಎಂಟರ ಸುಮಾರಿಗೆ ಹೊರಡುವ ಹಗಲು ವಿಮಾನವನ್ನೂ ಕೇಳಿ ನೋಡಿ. ರಾತ್ರಿ ಎಂಟಕ್ಕೆ ಲಂಡನ್, ಹೋಟೆಲಿನ ಹಾಸಿಗೆ. ಮೊದಲ ರಾತ್ರಿ ಹನ್ನೊಂದಕ್ಕೆ ನಿದ್ದೆ ಬರುವುದು ಕಷ್ಟ, ನ್ಯೂಯಾರ್ಕಿನಲ್ಲಿ ಆಗಿನ್ನೂ ಸಂಜೆ ಆರು. ಆದರೂ ಎರಡಕ್ಕೆ ಮಲಗಿ ಒಂಬತ್ತಕ್ಕೆ ಎದ್ದರೆ ಏಳು ಗಂಟೆ ನಿದ್ದೆ, ಅಷ್ಟು ನಿದ್ದೆ ಯಾವ ಬಿಸಿನೆಸ್ ಸೀಟೂ ಈ ದಾರಿಯಲ್ಲಿ ಕೊಡಲಾರದು. ಹಗಲಿಗೆ ಪ್ರೀಮಿಯಂ ಎಕಾನಮಿ ಸಾಕಾಗುವುದರಿಂದ ಒಂದು ರಾತ್ರಿಯ ಹೋಟೆಲ್ ಸೇರಿಸಿದರೂ ಆಫೀಸಿಗೆ ಖರ್ಚು ಬಹುಪಾಲು ಕಡಿಮೆಯೇ ಬರುತ್ತದೆ, ಒಪ್ಪಿಸುವುದು ಅಷ್ಟು ಕಷ್ಟವಾಗಲಾರದು.