ಪದಚರ್ಚೆ: ‘ಮ್ಯಾನ್ ಆಲ್ಟರ್ಡ್ ಲ್ಯಾಂಡ್‌ಸ್ಕೇಪ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಫೋಟೋಗ್ರಫಿಯ ಚರಿತ್ರೆ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಪದಕ್ಕೆ ನಿಮ್ಮ ನೆರವು ಬೇಕು.

1975ರಲ್ಲಿ ಅಮೆರಿಕದ ರಾಚೆಸ್ಟರ್ ಊರಿನ ಜಾರ್ಜ್ ಈಸ್ಟ್‌ಮನ್ ಹೌಸ್ ಅನ್ನುವ ಫೋಟೋಗ್ರಫಿ ಮ್ಯೂಸಿಯಂನಲ್ಲಿ ‘ನ್ಯೂ ಟೊಪೊಗ್ರಾಫಿಕ್ಸ್’ ಅನ್ನುವ ಫೋಟೋ ಪ್ರದರ್ಶನ ನಡೆಯಿತು. ಅದರ ಉಪಶೀರ್ಷಿಕೆಯಲ್ಲೇ ‘ಮ್ಯಾನ್ ಆಲ್ಟರ್ಡ್ ಲ್ಯಾಂಡ್‌ಸ್ಕೇಪ್’ ಅಂತ ಇದೆ, ಅಂದರೆ ಮನುಷ್ಯ ಬದಲಿಸಿದ ನೆಲದ ನೋಟ. ಕೊಲೊರಾಡೊದ ಬಯಲಲ್ಲಿ ಎದ್ದ ಒಂದೇ ನಮೂನೆಯ ಮನೆಗಳನ್ನು ರಾಬರ್ಟ್ ಆಡಮ್ಸ್ ತೆಗೆದಿದ್ದರು. ಲೂಯಿಸ್ ಬಾಲ್ಟ್ಸ್ ತೆಗೆದದ್ದು ಕ್ಯಾಲಿಫೋರ್ನಿಯಾದ ಕೈಗಾರಿಕಾ ಶೆಡ್ಡುಗಳ ಬೋಳು ಗೋಡೆಗಳನ್ನು.

ಇದರ ಎದುರಿಗೆ ಇನ್ನೊಬ್ಬ ಆಡಮ್ಸ್, ಅಂದರೆ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್, ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯಲ್ಲಿ ತೆಗೆದ ಚಿತ್ರಗಳನ್ನು ಇಡುವುದು ವಾಡಿಕೆ. ಬಂಡೆ, ಹಿಮ, ಮೋಡ. ಆ ಬಗೆಯ ನೋಟಕ್ಕೆ ನಮ್ಮಲ್ಲಿ ಪದಗಳ ಬರವಿಲ್ಲ. ರಮ್ಯ, ರಮಣೀಯ, ಮನೋಹರ. ಮಾತಲ್ಲಾದರೆ ‘ಸೀನರಿ’. ಹೊಸ ಲೇಔಟಿನ ಮುಂದೆ ನಿಂತು ‘ಏನ್ ಸೀನರಿ’ ಅಂತ ಯಾರೂ ಹೇಳಲ್ಲ, ಅಲ್ವಾ?

ಆದರೆ ಆನ್ಸೆಲ್ ಆಡಮ್ಸ್ ಚಿತ್ರಗಳನ್ನು ‘ಮನುಷ್ಯನ ಕೈ ಸೋಕದ ನಿಸರ್ಗ’ ಅನ್ನಲು ನನಗೆ ಮನಸ್ಸಿಲ್ಲ. 1944ರಲ್ಲಿ ಆನ್ಸೆಲ್ ಆಡಮ್ಸ್ ಲೋನ್ ಪೈನ್ ಊರಿನಿಂದ ಸಿಯೆರಾ ನೆವಾಡಾ ಪರ್ವತಗಳ ಸೂರ್ಯೋದಯದ ಚಿತ್ರ ತೆಗೆದರು. ಅಲ್ಲಿನ ಹೈಸ್ಕೂಲ್ ಮಕ್ಕಳು ಸುಣ್ಣ ಬಳಿದ ಕಲ್ಲುಗಳಿಂದ ಗುಡ್ಡದ ಮೇಲೆ ‘ಎಲ್ ಪಿ’ ಅಂತ ಬರೆದಿದ್ದರು. ಆಡಮ್ಸ್ ಆ ಅಕ್ಷರಗಳನ್ನು ನೆಗೆಟಿವ್‌ನಲ್ಲೇ ಅಳಿಸಿದರು. ಇನ್ನು ಯೊಸೆಮಿಟಿ ಕಣಿವೆ. ಅಲ್ಲಿ ಅಹ್ವಾನೀಚಿ ಅನ್ನುವ ಮೂಲನಿವಾಸಿ ಜನ ತಲೆಮಾರುಗಳಿಂದ ಬಾಳಿದ್ದರು. ಹುಲ್ಲುಗಾವಲಿಗೆ ಬೆಂಕಿ ಕೊಟ್ಟು, ಅದು ಕಾಡಾಗದಂತೆ ನೋಡಿಕೊಂಡವರು ಅವರೇ. 1851ರಲ್ಲಿ ಬಂದೂಕು ಹಿಡಿದ ಪಡೆ ಬಂದು ಅವರನ್ನು ಅಲ್ಲಿಂದ ಓಡಿಸಿತು. ಚಿತ್ರದಲ್ಲಿ ಇದು ಯಾವುದೂ ಕಾಣುವುದಿಲ್ಲ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ‘ಮಾನವ ನಿರ್ಮಿತ’ ಸರಿಹೋಗುವುದಿಲ್ಲ. ಮನೆ ಕಟ್ಟಿದ್ದು ಮನುಷ್ಯ, ನೆಲ ಅಲ್ಲ. ‘ಮಾನವ ಹಸ್ತಕ್ಷೇಪ’ ಪತ್ರಿಕೆಗಳಲ್ಲಿ ಜಾಸ್ತಿ ಕಾಣುತ್ತದೆ, ಆದರೆ ಅದರೊಳಗೆ ಆಗಲೇ ಒಂದು ಆರೋಪ ಇದೆ. ‘ವಿರೂಪಗೊಂಡ’ ಅಂದರಂತೂ ತೀರ್ಪೇ ಕೊಟ್ಟಂತೆ. ಪ್ರದರ್ಶನ ರೂಪಿಸಿದ ವಿಲಿಯಂ ಜೆಂಕಿನ್ಸ್ ಒತ್ತಿ ಹೇಳಿದ್ದು ತೀರ್ಪು ಕೊಡದ ನೋಟದ ಬಗ್ಗೆ. ರಾಬರ್ಟ್ ಆಡಮ್ಸ್‌ಗೆ ಆ ಮನೆಗಳ ಬಗ್ಗೆ ಬೇಸರ ಇತ್ತು, ನಿಜ. ಆದರೂ ಅವುಗಳ ಮೇಲೆ ಬಿದ್ದ ಬೆಳಕನ್ನು ಅವರು ಪ್ರೀತಿಯಿಂದಲೇ ತೋರಿಸಿದ್ದಾರೆ. ಬೈಯುವ ಪದ ಹಾಕಿದರೆ ಆ ಚಿತ್ರಗಳಿಗೆ ಅನ್ಯಾಯ.

‘ನಿಸರ್ಗಚಿತ್ರ’ವನ್ನು ಎರಡೂ ಬಗೆಯ ಚಿತ್ರಗಳಿಗೆ ಬಳಸೋಣ ಅಂದರೆ ಅದಕ್ಕೂ ತೊಡಕಿದೆ. ಫೋಟೋ ಸ್ಪರ್ಧೆಗಳ ‘ನೇಚರ್’ ವಿಭಾಗದಲ್ಲಿ ಮನುಷ್ಯನ ಗುರುತು ಸಾಮಾನ್ಯವಾಗಿ ಇರಬಾರದು. ಹಾಗಾಗಿ ‘ಭೂದೃಶ್ಯ’ವೇ ವಾಸಿ.

ನನ್ನ ಒಲವು ‘ಪರಿವರ್ತಿತ ಭೂದೃಶ್ಯ’ದ ಕಡೆಗೆ. ಹೊಲವನ್ನು ಸೈಟು ಮಾಡುವ ಮುಂಚೆ ‘ಭೂ ಪರಿವರ್ತನೆ’ ಆಗಬೇಕು ಅನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕಂದಾಯ ಇಲಾಖೆಯ ಆ ಪದದಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಕೊಲೊರಾಡೊದಲ್ಲಿ ಆದದ್ದೂ ಅದೇ ಬಗೆಯ ಬದಲಾವಣೆ. ಆದರೆ ಇದರಲ್ಲಿ ‘ಮನುಷ್ಯ’ ಬಿಟ್ಟುಹೋಗುತ್ತಾನೆ. ‘ಮನುಷ್ಯ ಬದಲಿಸಿದ ನೆಲ’ ಅಂದರೆ ಓದಲು ಹಗುರ, ಆದರೆ ‘ನೋಟ’ ಅನ್ನುವ ಅರ್ಥ ಜಾರುತ್ತದೆ. ಯಾವುದನ್ನು ಉಳಿಸಿಕೊಳ್ಳಲಿ?

ಇನ್ನೊಂದು ಕೋರಿಕೆ. ಶಿರಸಿ ಕಡೆ ‘ಸೊಪ್ಪಿನ ಬೆಟ್ಟ’ ಅನ್ನುತ್ತಾರೆ. ಅಡಿಕೆ ತೋಟಕ್ಕೆ ಸೊಪ್ಪು ಕಡಿದು ತರುವ ಜಾಗ ಅದು. ಹೊರಗಿನವರ ಕಣ್ಣಿಗೆ ಸುಮ್ನೆ ಕಾಡು. ಮನುಷ್ಯನ ಬಳಕೆ ಆ ಹೆಸರಲ್ಲೇ ಇದೆ, ದೂರು ಇಲ್ಲ. ನಿಮ್ಮ ಕಡೆಯ ಮಾತಲ್ಲಿ ಇಂಥ ಪದಗಳಿದ್ದರೆ, ಯಾವ ಊರಿನ ಬಳಕೆ ಅನ್ನುವುದನ್ನೂ ಸೇರಿಸಿ ದಯವಿಟ್ಟು ತಿಳಿಸಿ. ಬಯಲುಸೀಮೆಯ ಪದಗಳಿದ್ದರೆ ಇನ್ನೂ ಒಳ್ಳೆಯದು.