ನೆರಳು ಹಿಡಿದು ಒಂದು ದಿನದ ಟ್ರಿಪ್ಪು

ಹುಬ್ಬಳ್ಳಿಯವರು ಗೋವಾಕ್ಕೆ ಹೊರಡಬೇಕೆಂದರೆ ಅರ್ಧ ತಾಸು ಸಾಕು. ದಾಂಡೇಲಿಗಾದರೆ ಚಪ್ಪಲಿ ಮೆಟ್ಟಿಕೊಂಡರೆ ಆಯಿತು. ಆದರೆ ಇದ್ದೂರಿನಲ್ಲೇ ಒಂದು ದಿನ ಸುತ್ತೋಣ ಅಂದರೆ ವಾರಗಟ್ಟಲೆ ಮಾತುಕತೆ ನಡೆಯುತ್ತದೆ. ಗೋವಾದ ಬಗ್ಗೆ ನಮಗೆ ಗೊತ್ತಿರೋದು ಸ್ವಲ್ಪ, ಹಾಗಾಗಿ ಜಗಳವೂ ಸ್ವಲ್ಪ. ಊರಿನ ಬಗ್ಗೆ ಎಲ್ಲರಿಗೂ ಎಲ್ಲಾ ಗೊತ್ತು.

ಈ ಸಲ ಮಾತು ಎತ್ತಿದವನು ಬೆಂಗಳೂರಿನವ. ಹುಟ್ಟಿ ಬೆಳೆದದ್ದು ಹಳೇ ಹುಬ್ಬಳ್ಳಿಯಲ್ಲೇ. ಸಾಫ್ಟ್‌ವೇರ್ ಕೆಲಸ ಅಂತ ಅಲ್ಲಿ ಹೋಗಿ ಕೂತಿದ್ದಕ್ಕೆ ನಾವು ಇಟ್ಟ ಹೆಸರು ಅದು. ಮೇ ತಿಂಗಳ ರಜೆಗೆ ಬಂದವನು ಧಾರವಾಡದ ಮಾಳಮಡ್ಡಿಯಲ್ಲಿ, ಮಾಸ್ತರ ಮನೆಯ ಪಡಸಾಲೆಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದ. ಎಕ್ಸೆಲ್ ಹಾಳೆ. ಬೆಳಗ್ಗೆ ಆರಕ್ಕೆ ಶುರು, ರಾತ್ರಿ ಹತ್ತಕ್ಕೆ ಮುಕ್ತಾಯ. ನಡುವೆ ಹನ್ನೆರಡು ಜಾಗ. ಒಂದೊಂದಕ್ಕೆ ಒಂದೊಂದು ಬಣ್ಣ.

“ಇದರಾಗ ಊಟ ಎಲ್ಲೈತಿ?” ಅಂತ ಪೈಲ್ವಾನ್ ಕೇಳಿದ. ಹುಡುಗನಿದ್ದಾಗ ನಾಲ್ಕು ದಿನ ಗರಡಿಮನೆಗೆ ಹೋಗಿದ್ದವನು. ಗರಡಿ ಬಿಟ್ಟರೂ ಹೆಸರು ಮತ್ತು ಹಸಿವು ಉಳಿದುಕೊಂಡಿವೆ.

“ಒಂದೂವರೆಗೆ. ಇಪ್ಪತ್ತು ನಿಮಿಷ.”

ಪೈಲ್ವಾನ್ ಏನೂ ಅನ್ನಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದ.

ಮುಂದಿನ ತಕರಾರು, ಯಾವ ಊರಿನಿಂದ ಹೊರಡೋದು ಅಂತ. ಹುಬ್ಬಳ್ಳಿ-ಧಾರವಾಡಕ್ಕೆ ಮಹಾನಗರಪಾಲಿಕೆ 1962ರಿಂದ ಒಂದೇ. ನಡುವೆ ಇರೋದು ಇಪ್ಪತ್ತು ಕಿಲೋಮೀಟರ್ ರಸ್ತೆ. ಆದರೆ ನಸುಕಿನಲ್ಲಿ ಎದ್ದು ಆ ಇಪ್ಪತ್ತು ಕಿಲೋಮೀಟರ್ ದಾಟಬೇಕಾದವರು ಯಾರು?

“ಧಾರವಾಡ ತಂಪು. ನೀವೇ ಬರ್ರಿ,” ಅಂದರು ಮಾಸ್ತರು.

“ಹುಬ್ಬಳ್ಳಿಯವರು ನಾವು ನಾಲ್ಕು ಮಂದಿ, ನೀವು ಇಬ್ಬರು. ನೀವೇ ಬರ್ರಿ,” ಅಂದ ಕ್ಯಾಶಿಯರ್. ಇವನು ಸೊಸೈಟಿಯೊಂದರಲ್ಲಿ ದುಡ್ಡು ಎಣಿಸುವವನು. ನಾಲ್ಕು ಮಂದಿಯ ಬಸ್ ಚಾರ್ಜು ಇಬ್ಬರದಕ್ಕಿಂತ ಜಾಸ್ತಿ ಅನ್ನೋದೇ ಅವನ ಹೊಟ್ಟೆಯೊಳಗಿನ ಮಾತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ.

ಚಹಾ ತಂದ ವೈನಿ, ಅಂದರೆ ಮಾಸ್ತರ ಹೆಂಡತಿ, ನಿಂತು ಎಲ್ಲಾ ಕೇಳಿಸಿಕೊಂಡರು. ಲ್ಯಾಪ್‌ಟಾಪ್ ಮತ್ತೆ ತೆರೆಸಿದರು. ಹನ್ನೆರಡೂ ಜಾಗ ಓದಿದರು. ಆಮೇಲೆ ಒಂದೇ ಪ್ರಶ್ನೆ: “ಇದರಾಗ ನೆರಳು ಎಲ್ಲೆಲ್ಲಿ ಅದ?”

ಯಾರೂ ಉಸಿರೆತ್ತಲಿಲ್ಲ. ಹಾಳೆಯಲ್ಲಿ ದೂರ ಇತ್ತು, ಖರ್ಚು ಇತ್ತು, ಪಾರ್ಕಿಂಗ್ ಇತ್ತು, ಎಷ್ಟು ಸ್ಟಾರು ಅನ್ನೋದೂ ಇತ್ತು. ನೆರಳಿಗೆ ಕಾಲಂ ಇರಲಿಲ್ಲ.

“ಮೇ ತಿಂಗಳ ಬಿಸಲಾಗ ಅಡ್ಡಾಡೋರು ಜಾಗ ಆಮೇಲೆ ಬರೀಬೇಕ್ರಿ, ಅಣ್ಣಾರ. ಮೊದಲ ನೆರಳು ಬರೀಬೇಕು. ಹತ್ತರಿಂದ ನಾಲ್ಕರ ತನಕ ತಲಿ ಮ್ಯಾಲೆ ಏನರ ಇರಬೇಕು. ಛಾವಣಿ ಇರಲಿ, ಗಿಡ ಇರಲಿ.”

ಟ್ರಿಪ್ಪಿನ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದೇ ಶಾಣ್ಯಾ ಮಾತು. ಬೇಸಿಗೆಯಲ್ಲಿ ಹುಬ್ಬಳ್ಳಿ 38 ಡಿಗ್ರಿ ಮುಟ್ಟುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೂ ಪ್ಲ್ಯಾನ್ ಮಾಡೋವಾಗ ಎಲ್ಲರ ತಲೆಯಲ್ಲೂ ಡಿಸೆಂಬರ್ ಇರುತ್ತದೆ. ಕೈಯಲ್ಲಿ ಬಿಸಿ ಚಹಾ, ಮೇಲೆ ಫ್ಯಾನು. ಆ ಹೊತ್ತಿಗೆ ಎಲ್ಲಿಗೆ ಬೇಕಾದರೂ ಹೋಗಬಹುದು ಅನಿಸುತ್ತದೆ.

ಬೆಂಗಳೂರಿನವ ಹೊಸ ಕಾಲಂ ಎಳೆದ. ಹನ್ನೆರಡರಲ್ಲಿ ಅರ್ಧ ಅಲ್ಲೇ ಬಿದ್ದುಹೋದವು.

ನೃಪತುಂಗ ಬೆಟ್ಟ ಉಳಿಯಿತು, ಆದರೆ ಬೆಳಗ್ಗೆ ಆರಕ್ಕೆ. ಮೇಲೆ ನಿಂತರೆ ಹುಬ್ಬಳ್ಳಿ ಕಾಲಬುಡದಲ್ಲಿ ಹರಡಿಕೊಂಡು ಕಾಣುತ್ತದೆ. ವಾಕಿಂಗ್ ಮಂದಿ ಇರುತ್ತಾರೆ, ಗಾಳಿ ಇರುತ್ತದೆ. “ನಾಷ್ಟಾ ಬೆಟ್ಟದ ಮ್ಯಾಲೋ, ಕೆಳಗೋ?” ಅಂತ ಪೈಲ್ವಾನ್. ಕೆಳಗೆ ಅಂದೆವು. “ಹಂಗಾರ ನಾ ಕೆಳಗ ನಿಂದರ್ತೀನಿ,” ಅಂದ.

ಉಣಕಲ್‌ನ ಚಂದ್ರಮೌಳೇಶ್ವರ ಗುಡಿಯನ್ನು ಬೆಂಗಳೂರಿನವ ಮಧ್ಯಾಹ್ನ ಹನ್ನೆರಡೂವರೆಗೆ ಬರೆದಿದ್ದ. ಮಾಸ್ತರು ಹೈಸ್ಕೂಲಿನಲ್ಲಿ ಇತಿಹಾಸ ಹೇಳುವವರು. ಗುಡಿ ವಿಷಯ ಬಂದರೆ ಅವರ ದನಿಯೇ ಬೇರೆ.

“ಲೇ ತಮ್ಮಾ, ಗುಡಿ ಮುಂದ ಚಪ್ಪಲ್ ಬಿಡಬೇಕು. ಚಾಲುಕ್ಯರ ಕಾಲದ ಕಲ್ಲು ಅದು. ಹನ್ನೆರಡೂವರೆಗೆ ಅದರ ಮ್ಯಾಲೆ ಕಾಲಿಟ್ರ ನೀ ಇತಿಹಾಸ ನೋಡಂಗಿಲ್ಲ, ಕುಣೀತಿ.”

ಎಂಟು ಗಂಟೆಗೆ ಹೋದರೆ ಮಾತ್ರ ಅದರ ಚೆಂದ ಗೊತ್ತಾಗುತ್ತದೆ. ನಾಲ್ಕು ದಿಕ್ಕಿಗೂ ಬಾಗಿಲು, ಒಳಗೆ ನಾಲ್ಕು ಮುಖದ ಲಿಂಗ. ಒಂದು ಬಾಗಿಲಿನಿಂದ ಬಿಸಿಲು ಬರುತ್ತಿದ್ದರೆ ಉಳಿದವುಗಳಿಂದ ಗಾಳಿ ಆಡುತ್ತಿರುತ್ತದೆ. ಕಂಬಕ್ಕೆ ಬೆನ್ನು ಹಚ್ಚಿ ಕೂತರೆ ಅಂಗಿಯೊಳಗೆ ತಣ್ಣಗೆ. ಕಟ್ಟಿದವರಿಗೂ ವೈನಿಯಂಥವರು ಯಾರೋ ಹೇಳಿಕೊಟ್ಟಿರಬೇಕು. ಪಕ್ಕದ ಉಣಕಲ್ ಕೆರೆಯನ್ನು ಸಂಜೆಗೆ ದಬ್ಬಿದೆವು. ಕೆರೆಯ ನಡುವೆ ವಿವೇಕಾನಂದರ ಮೂರ್ತಿ ಇದೆ. ಅಷ್ಟು ಬಿಸಿಲಲ್ಲಿ ನಿಲ್ಲೋದು ಅವರಿಗೇ ಸರಿ.

ಕ್ಯಾಶಿಯರ್‌ಗೆ ಬೇಕಾಗಿದ್ದು ರೈಲ್ವೆ ಸ್ಟೇಷನ್ನು. “ಜಗತ್ತಿನ ಉದ್ದದ ಪ್ಲಾಟ್‌ಫಾರ್ಮ್ ನಮ್ಮೂರಾಗ ಐತಿ. 1507 ಮೀಟರ್. ಗೋರಖ್‌ಪುರದ್ದು 1366, ಅದನ್ನ ಹಿಂದ ಹಾಕೇವಿ. 2023ರಾಗ ಪ್ರಧಾನಮಂತ್ರಿನ ಬಂದು ಉದ್ಘಾಟನಾ ಮಾಡ್ಯಾರ. ಹೊರಗಿನವರು ನೋಡಾಕ ಬರ್ತಾರ, ನಾವು ನೋಡಂಗಿಲ್ಲ.”

ಅಭಿಮಾನದ ಮಾತು ಅಂದುಕೊಂಡೆವು. ಅಷ್ಟರಲ್ಲಿ ಲೆಕ್ಕ ಹೊರಬಂತು. ಪ್ಲಾಟ್‌ಫಾರ್ಮ್ ಟಿಕೆಟ್ ಹತ್ತು ರೂಪಾಯಿ, ಎರಡು ತಾಸು ನಡೆಯುತ್ತದೆ. ಈ ತುದಿಯಿಂದ ಆ ತುದಿಗೆ ಹೋಗಿ ಬಂದರೆ ಮೂರು ಕಿಲೋಮೀಟರ್. ಅಂದರೆ ಕಿಲೋಮೀಟರಿಗೆ ಮೂರು ರೂಪಾಯಿ ಚಿಲ್ಲರೆ.

“ರೊಕ್ಕ ಕೊಟ್ಟು ನಡಿಯೂದ?” ಅಂತ ಪೈಲ್ವಾನ್ ಕಣ್ಣು ಬಿಟ್ಟ.

“ನನಗ ಬ್ಯಾಡಪ್ಪಾ,” ಅಂದ ಬೆಂಗಳೂರಿನವ. “ಪ್ರತಿ ಸಲ ನನ್ನ ಬೋಗಿ ಆ ತುದಿಗೇ ನಿಲ್ಲತೈತಿ. ಎರಡು ಬ್ಯಾಗ್ ಹೊತ್ತು ಇಡೀ ವಿಶ್ವದಾಖಲೆ ನೋಡಿಕೋತನ ಬರ್ತೀನಿ.”

ಕೊನೆಗೆ ಗದಗ ರಸ್ತೆ ಕಡೆಯ ರೈಲ್ವೆ ಮ್ಯೂಸಿಯಂ ಆಗಲಿ ಅಂತ ರಾಜಿಯಾಯಿತು. ಛಾವಣಿ ಇದೆ. ಹಳೇ ಟಿಕೆಟ್ಟು, ಹಳೇ ದೀಪ ಎಲ್ಲಾ ನೋಡಬಹುದು. ಕ್ಯಾಶಿಯರ್ ಒಳಗೊಳಗೇ ಪ್ಲಾಟ್‌ಫಾರ್ಮ್ ಬಿಟ್ಟಿಲ್ಲ ಅಂತ ಮುಖದಲ್ಲೇ ಕಾಣುತ್ತಿತ್ತು.

ಇನ್ನು ಉಳಿದದ್ದು ನಡುಮಧ್ಯಾಹ್ನ. ಹನ್ನೆರಡರಿಂದ ಮೂರು. ಇದಕ್ಕೆ ಮಾಲ್ ಬಿಟ್ಟರೆ ಗತಿಯಿಲ್ಲ ಅಂತ ಬೆಂಗಳೂರಿನವ ಹೇಳಿದ. ಬೆಂಗಳೂರಿನಲ್ಲಿ ವಾರವಾರ ಮಾಲ್ ಸುತ್ತಿ, ರಜೆಗೆ ಬಂದು ಇಲ್ಲೂ ಮಾಲ್ ಸುತ್ತುವವನ ಜೊತೆ ಮಾತೇನು? ಆಗ ಪೈಲ್ವಾನ್ ಬಾಯಿಂದ ಒಂದು ಮಾತು ಬಂತು. ಅವನು ಇಷ್ಟು ದೂರ ಯೋಚಿಸಬಲ್ಲ ಅಂತ ನಮಗೆ ಗೊತ್ತಿರಲಿಲ್ಲ.

“ಚಿಗರಿ ಒಳಗ ಎಸಿ ಐತಿ. ಸುಮ್ನ ಹತ್ತಿ ಕುಂದ್ರೂಣು.”

ನಿಜವೇ! ಹುಬ್ಬಳ್ಳಿ-ಧಾರವಾಡದ ನಡುವೆ 2018ರಿಂದ ಓಡುತ್ತಿರುವ ಚಿಗರಿ ಅನ್ನೋ ಬಿಆರ್‌ಟಿಎಸ್ ಬಸ್ಸನ್ನು ನಾವೆಲ್ಲ ಆಫೀಸಿಗೆ ಹೋಗುವ ಗಾಡಿ ಅಂದುಕೊಂಡಿದ್ದೆವು. ಯೋಚಿಸಿ ನೋಡಿದರೆ ಬೇಸಿಗೆಯ ಮಧ್ಯಾಹ್ನಕ್ಕೆ ಅದಕ್ಕಿಂತ ಒಳ್ಳೇ ಜಾಗ ಅವಳಿನಗರದಲ್ಲಿಲ್ಲ. ಸುಮಾರು ಇಪ್ಪತ್ತೆರಡು ಕಿಲೋಮೀಟರ್ ತಂಪು. ರಸ್ತೆಯ ನಡುವೆ ಅದಕ್ಕೇ ಬೇರೆ ದಾರಿ, ಹಾಗಾಗಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರನ್ನು ಕಿಟಕಿಯಿಂದ ನೋಡುತ್ತಾ ಹೋಗಬಹುದು. ಹೊಸೂರು, ವಿದ್ಯಾನಗರ, ಉಣಕಲ್, ನವನಗರ, ರಾಯಾಪುರ, ಸತ್ತೂರು, ನವಲೂರು, ಆಮೇಲೆ ಜುಬಿಲಿ ಸರ್ಕಲ್. ಎಡಕ್ಕೆ ನೋಡ್ರಿ, ಬಲಕ್ಕೆ ನೋಡ್ರಿ ಅಂತ ಹೇಳಲು ಮಾಸ್ತರು ತಯಾರಾದರು. ನವಲೂರು ಬಂದಾಗ ಅಲ್ಲಿನ ಪೇರಲ ಹಣ್ಣಿನ ಬಗ್ಗೆ ಐದು ನಿಮಿಷ ಮಾತಾಡುವುದಾಗಿ ಈಗಲೇ ಎಚ್ಚರಿಕೆ ಕೊಟ್ಟರು.

“ಇಳೀಲಿಕ್ಕೇ ಬೇಕಂತೇನಿಲ್ಲಲ್ಲ?” ಅಂತ ಪೈಲ್ವಾನ್ ಕೇಳಿದ. ಟಿಕೆಟ್ ಮತ್ತೆ ತೆಗೆಸಬೇಕು ಅಂದ ಕ್ಯಾಶಿಯರ್.

ಧಾರವಾಡದ ಪಾಲಿಗೆ ಸಾಧನಕೇರಿ ಖಾಯಂ. ಕೆರೆ ಇದೆ, ಗಿಡಗಳಿವೆ, ಬೇಂದ್ರೆ ಅಜ್ಜನ ಮನೆ ಇದೆ. ಅಲ್ಲಿ ಮಾಸ್ತರು ಕವಿತೆ ಹೇಳುತ್ತಾರೆ ಅನ್ನೋದೊಂದೇ ಭಯ. ಒಂದು ಕವಿತೆಗೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಮಾಸ್ತರು ಒಂದಕ್ಕೆ ನಿಲ್ಲುವವರಲ್ಲ, ನಡುವೆ ಅರ್ಥವನ್ನೂ ಹೇಳುತ್ತಾರೆ. ಅದರ ಬದಲು ವಿದ್ಯಾವರ್ಧಕ ಸಂಘಕ್ಕೆ ಹೋಗೋಣ ಅಂತ ನಾನು ಹೇಳಿದೆ. 1890ರ ಸಂಘ. ಭಾನುವಾರ ಹೋದರೆ ಯಾವುದೋ ಒಂದು ಪುಸ್ತಕ ಬಿಡುಗಡೆ ಆಗುತ್ತಿರಬಹುದು. ಕುರ್ಚಿ ಇರುತ್ತದೆ, ಫ್ಯಾನ್ ಇರುತ್ತದೆ, ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚಿದರೆ ಚಿಂತನೆ ಅಂತಲೇ ತಿಳಿಯುತ್ತಾರೆ. ಧಾರವಾಡದಲ್ಲಿ ಮಧ್ಯಾಹ್ನದ ನಿದ್ದೆಗೂ ಸಾಹಿತ್ಯದ ಬೆಂಬಲವಿದೆ. “ಮುಗಿದ ಮ್ಯಾಲೆ ಉಪ್ಪಿಟ್ಟು ಕೊಡ್ತಾರ?” ಅಂತ ಪೈಲ್ವಾನ್. ವೈನಿ ನಕ್ಕು ಒಳಗೆ ಹೋದರು.

ಲೈನ್ ಬಜಾರದ ಫೇಡಾ ಬಗ್ಗೆ ಚರ್ಚೆಯೇ ಬೇಡ. ಉನ್ನಾವದಿಂದ ಬಂದ ಠಾಕೂರ ಮನೆತನ ಹಚ್ಚಿಕೊಟ್ಟ ರುಚಿ, ಈಗ ಜಿಐ ಮುದ್ರೆಯೂ ಇದೆ. ಖೋವಾ ಕಂದು ಬಣ್ಣಕ್ಕೆ ಬರುವ ತನಕ ಹುರಿದು ಸಕ್ಕರೆಪುಡಿಯಲ್ಲಿ ಹೊರಳಿಸಿದ್ದು. ಪಾಳಿ ಹಚ್ಚಿ ತರಬೇಕು, ಅಷ್ಟೇ. ಆಪೂಸ್ ಮಾವಿನಹಣ್ಣೂ ಇದೇ ಹೊತ್ತಿಗೆ ಬಂದಿರುತ್ತದೆ, ಅದನ್ನೂ ಹಿಡಿಯಬೇಕು.

ನಿಜವಾದ ಜಗಳ ಹತ್ತಿದ್ದು ಗಿರ್ಮಿಟ್ಟಿಗೆ. ಸಂಜೆ ದುರ್ಗದ ಬೈಲಿನಲ್ಲಿ ತಿನ್ನೋದು ಅಂತ ಹುಬ್ಬಳ್ಳಿ ಪಕ್ಷ. ನಮ್ಮಲ್ಲೂ ಸಿಗುತ್ತದೆ, ಪಾರ್ಸಲ್ ತಂದು ಸಾಧನಕೇರಿ ಕೆರೆ ದಂಡೆಯಲ್ಲಿ ತಿನ್ನೋಣ ಅಂತ ಮಾಸ್ತರು. ಪಾರ್ಸಲ್ ಅನ್ನೋ ಮಾತಿಗೆ ಪೈಲ್ವಾನ್ ಎದ್ದೇ ನಿಂತ.

“ಗಿರ್ಮಿಟ್ ಪಾರ್ಸಲ್? ಮಾಸ್ತರ, ನೀವು ಓದಿದವರು ಈ ಮಾತು ಆಡಬಾರದು.”

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಉಳ್ಳಾಗಡ್ಡಿ ಒಗ್ಗರಣೆಗೆ ಹುಣಸೆಹುಳಿ, ಬೆಲ್ಲ ಬಿದ್ದು ಮಸಾಲೆ ತಯಾರಾಗಿ ಒಂದು ಕಡೆ ಇರುತ್ತದೆ. ಗಿರಾಕಿ ಬಂದ ಮೇಲೆಯೇ ಬುಟ್ಟಿಯ ಚುರುಮುರಿಗೆ ಅದು ಕೂಡುವುದು. ಮೇಲೆ ಪುಠಾಣಿ ಹಿಟ್ಟು. ಕೈ ಹಾಕಿ ಎರಡು ಸಲ ತಿರುವಿ, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು ಉದುರಿಸಿ, ಪಕ್ಕಕ್ಕೆ ಒಂದು ಬಿಸಿ ಮಿರ್ಚಿ ಇಟ್ಟು ಕೈಗೆ ಕೊಡುತ್ತಾರೆ. ಅಲ್ಲಿಂದ ಓಟ ಶುರು. ಚುರುಮುರಿ ಇನ್ನೂ ಕುರುಂ ಅನ್ನುತ್ತಿರಬೇಕು, ಆದರೆ ಮಸಾಲೆ ಅದಕ್ಕೆ ಹಿಡಿದಿರಬೇಕು. ಆ ಹೊತ್ತು ಐದು ನಿಮಿಷಕ್ಕಿಂತ ಜಾಸ್ತಿ ಇರೋದಿಲ್ಲ. ಫೋಟೊ ತೆಗೆಯುತ್ತಾ ನಿಂತವರು ಆಮೇಲೆ ತಿನ್ನೋದು ಗಿರ್ಮಿಟ್ ಅಲ್ಲ, ಒದ್ದೆ ಚುರುಮುರಿ. ಪಾರ್ಸಲ್ ಕಟ್ಟಿಸಿಕೊಂಡವರಿಗಂತೂ ಅದೂ ಸಿಗೋದಿಲ್ಲ.

ಮಾಸ್ತರು ಸೋತರು. ದುರ್ಗದ ಬೈಲ್ ಗೆದ್ದಿತು. ಆದರೆ ಸೋತವರು ಸುಮ್ಮನಿರುತ್ತಾರಾ? “ಸಂಜಿಮುಂದ ಅಡ್ಡಮಳಿ ಬಂದ್ರ ಎಲ್ಲಿ ನಿಂದರ್ತೀರಿ?” ಅಂದರು. ಮೇ ತಿಂಗಳು, ಬರುವುದೇ. ನಾಲ್ಕಕ್ಕೆ ಮೋಡ, ಐದಕ್ಕೆ ಧೂಳು, ಐದೂವರೆಗೆ ಗುಡುಗು. ಅಂಗಡಿಯ ತಗಡಿನ ಕೆಳಗೆ ನಿಂದರ್ತೀವಿ, ಇನ್ನೊಂದು ಪ್ಲೇಟ್ ಹೇಳ್ತೀವಿ ಅಂದ ಪೈಲ್ವಾನ್. ಉಣಕಲ್ ಕೆರೆ ಮಾತ್ರ ಮಳೆಯ ಕೈಯಲ್ಲಿದೆ ಅಂತ ಹಾಳೆಯಲ್ಲಿ ಬರೆದುಕೊಂಡೆವು.

ಎಲ್ಲಾ ಹೊಂದಿತು. ಬೆಂಗಳೂರಿನವ ತಾರೀಖು ಹಾಕಲು ಹೋದ. ಬರುವ ಭಾನುವಾರ.

“ಅವತ್ತು ನನಗ ಲಗ್ನ ಐತಿ,” ಅಂದ ಕ್ಯಾಶಿಯರ್.

ಅವನದಲ್ಲ. ಸೊಸೈಟಿಯ ದೊಡ್ಡ ಗಿರಾಕಿಯೊಬ್ಬರ ಮಗಳದು. ಮೇ ತಿಂಗಳ ಭಾನುವಾರ ಮದುವೆ ಇಲ್ಲದವನು ಈ ಜಿಲ್ಲೆಯಲ್ಲಿ ಸಿಗೋದು ಕಷ್ಟ. ಅದರ ಮುಂದಿನ ಭಾನುವಾರ ನನಗೆ, ಅದರಾಚೆ ಮಾಸ್ತರಿಗೆ ಎರಡು. ಅಷ್ಟರಲ್ಲಿ ಬೆಂಗಳೂರಿನವನ ರಜೆ ಮುಗಿಯುತ್ತದೆ. ಎಲ್ಲರೂ ಮುಖ ಸಣ್ಣ ಮಾಡಿ ಕೂತಾಗ ಒಳಗಿನಿಂದ ವೈನಿಯ ದನಿ ಬಂತು.

“ಲಗ್ನ ಎಲ್ಲಿ, ಅಣ್ಣಾರ?”

“ಧಾರವಾಡದಾಗ್ರಿ.”

“ಅಕ್ಕಿಕಾಳು ಎಷ್ಟಕ್ಕ?”

“ಹನ್ನೆರಡೂವರೆಕ್ಕ.”

“ಲಗ್ನದ ಹಾಲ್‌ಗೆ ಎಸಿ ಅದ?”

ಕ್ಯಾಶಿಯರ್ ಜೇಬಿನಿಂದ ಲಗ್ನಪತ್ರಿಕೆ ತೆಗೆದ. ಹವಾನಿಯಂತ್ರಿತ ಅಂತ ಬಂಗಾರದ ಅಕ್ಷರದಲ್ಲಿ ಇತ್ತು. ಪೈಲ್ವಾನ್ ಅದನ್ನು ಇಸಿದುಕೊಂಡು ಎರಡೂ ಬದಿ ತಿರುವಿ ನೋಡಿದ. ಕುಟುಂಬ ಮತ್ತು ಮಿತ್ರರೊಂದಿಗೆ ಆಗಮಿಸಿ ಅಂತ ಇದ್ದ ಸಾಲಿನ ಮೇಲೆ ಬೆರಳಿಟ್ಟು ಎಲ್ಲರಿಗೂ ತೋರಿಸಿದ.

“ನಾವು ಮಿತ್ರರ ಅಲ್ಲೇನು?”

ಕ್ಯಾಶಿಯರ್ ಆಗಲೇ ಮನಸ್ಸಿನಲ್ಲಿ ಕೂಡಿಸಿ ಭಾಗಿಸುತ್ತಿದ್ದ. ಐದುನೂರಾ ಒಂದು ರೂಪಾಯಿ ಆಯೇರಿ. ಒಂದೇ ಲಕೋಟೆ. ಆರು ಮಂದಿ. ತಲೆಗೆ ಎಂಬತ್ತಮೂರು ರೂಪಾಯಿ ಐವತ್ತು ಪೈಸೆ.

“ಖಾನಾವಳಿಕಿಂತ ಸೋವಿ ಬೀಳತೈತಿ,” ಅಂದ. ಮುಖ ಅರಳಿತ್ತು.

“ಐವತ್ತು ಪೈಸೆ ಈಗ ಎಲ್ಲಿ ಸಿಗ್ತಾವಪ್ಪಾ?” ಅಂತ ಮಾಸ್ತರು ನಕ್ಕರು.

“ಫೋನ್‌ಪೇ ಮಾಡ್ರಿ,” ಅಂದವನೇ ಕ್ಯಾಶಿಯರ್ ಕ್ಯೂಆರ್ ಕೋಡ್ ತೆರೆದು ಒಬ್ಬೊಬ್ಬರ ಮುಂದೆ ಹಿಡಿಯತೊಡಗಿದ.