ಪುಟ್ಟಿ, ಸೊಂಟ ನೋವು ಅಂತ ಮಲಗಿಕೊಂಡೇ ಇರಬೇಡ

ಪುಟ್ಟಿ, ಬೆಳಿಗ್ಗೆ ನೀನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ ವಾಯ್ಸ್ ಮೆಸೇಜ್ ಈಗ ಕೇಳಿಸಿಕೊಂಡೆ. ಹೆರಿಗೆಯಾಗಿ ಐದು ತಿಂಗಳಾದರೂ ಸೊಂಟದ ಕೆಳಗೆ ಬಲಗಡೆ ಚುಚ್ಚುತ್ತದೆ, ಮಗ್ಗುಲು ಬದಲಿಸಿದರೆ ಜೀವ ಹೋಗುತ್ತದೆ ಅಂದೆಯಲ್ಲ. ಅಲುಗಾಡದೆ ಮಲಗು ಅಂತ ದೊಡ್ಡಮ್ಮ ಹೇಳಿದ್ದಾರೆ. ದೊಡ್ಡಮ್ಮ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಬಾಣಂತನದಲ್ಲಿ ನೀವು ಎಣ್ಣೆ ಹಚ್ಚಿ ನೀರು ಹಾಕಿದ್ದನ್ನು ನಾನು ಮರೆತಿಲ್ಲ. ಆದರೆ ಎರಡನೇ ಮಗು ಆದಮೇಲೆ ಇದೇ ನೋವಿಗೆ ಎರಡು ತಿಂಗಳು ಮಲಗಿದೆ. ಎದ್ದಾಗ ಮನೆ ಮುಂದಿನ ಮೂರು ಮೆಟ್ಟಿಲು ಹತ್ತಲು ಗೋಡೆ ಹಿಡಿಯಬೇಕಾಯಿತು.

ಆಮೇಲೆ ಹಾಸನದ ಫಿಸಿಯೋ ಮೇಡಂ ಒಬ್ಬರು ನನ್ನ ಬೆರಳು ಹಿಡಿದು, ಬೆನ್ನ ಕೆಳಗೆ ಗುಳಿ ಬೀಳುತ್ತಲ್ಲ, ಅಲ್ಲಿ ಇಟ್ಟು ತೋರಿಸಿದರು. ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಕೀಲು ಅದು. ಸ್ಯಾಕ್ರೋಇಲಿಯಾಕ್ ಅಂತಾರೆ, ಎರಡೂ ಕಡೆ ಒಂದೊಂದು. ಅದು ಅಲುಗುವುದೇ ಕೆಲವು ಮಿಲಿಮೀಟರ್. ಬಸುರಿಯಾದಾಗ ಅದರ ಕಟ್ಟು ಸಡಿಲವಾಗುತ್ತದೆ. ಆಗ ಬಿಗಿಯಾಗಿ ಹಿಡಿಯಬೇಕಾದ್ದು ಹೊಟ್ಟೆ, ಪಿರ್ರೆಯ ಸ್ನಾಯುಗಳು. ಸುಮ್ನೆ ಮಲಗಿದರೆ ಅವೇ ಸೊರಗುತ್ತವೆ, ಅಲ್ವಾ?

ನಿನ್ನ ಹೆರಿಗೆ ಡಾಕ್ಟರನ್ನು ಒಂದು ಮಾತು ಕೇಳಿ ಶುರು ಮಾಡು. ಅಂಗಾತ ಮಲಗಿ ಮಂಡಿ ಮಡಿಸು. ಉಸಿರು ಬಿಡುತ್ತಾ, ಮೂತ್ರ ತಡೆಯುವ ಹಾಗೆ ಕೆಳಗಿನಿಂದ ಬಿಗಿ ಮಾಡು, ಹೊಕ್ಕಳ ಕೆಳಗಿನ ಹೊಟ್ಟೆಯನ್ನು ಮೆಲ್ಲಗೆ ಒಳಕ್ಕೆ ಎಳೆದುಕೋ. ಐದು ಎಣಿಸಿ ಬಿಡು. ಉಸಿರು ಕಟ್ಟಬೇಡ. ಇದು ಸರಿಯಾಗಿ ಬಂದಮೇಲೆ ಹಾಗೇ ಬಿಗಿ ಹಿಡಿದು ಸೊಂಟ ಎತ್ತು, ನಿಧಾನ ಇಳಿಸು. ಮೊದಲ ವಾರ ನಾನು ಐದು ಸಲಕ್ಕಿಂತ ಜಾಸ್ತಿ ಎತ್ತಲಿಲ್ಲ. ಮಾರನೇ ದಿನವೂ ನೋವು ಏರಿಯೇ ಇದ್ದರೆ ಕಡಿಮೆ ಮಾಡು. ನನಗೆ ಪೂರ್ತಿ ಹಗುರಾಗಲು ಮೂರು ತಿಂಗಳೇ ಹಿಡಿಯಿತು.

ಮಗ್ಗುಲು ತಿರುಗುವಾಗ ಎರಡೂ ಮಂಡಿ ಜೋಡಿಸಿಕೊಂಡೇ ತಿರುಗು, ಮಧ್ಯೆ ದಿಂಬು ಇಟ್ಟುಕೋ. ಚೂಡಿ ಪ್ಯಾಂಟ್ ಕೂತುಕೊಂಡೇ ಹಾಕು, ಒಂಟಿ ಕಾಲಲ್ಲಿ ನಿಲ್ಲಬೇಡ. ಮಗುವನ್ನು ಒಂದೇ ಸೊಂಟದ ಮೇಲೆ ಕೂರಿಸಿಕೊಂಡು ಓಡಾಡಬೇಡ. ಈ ಸಲ ಕಾಫಿ ಕುಯ್ಲಿಗೂ ಹೋಗಬೇಡ ಕಣೆ. ಆ ಇಳಿಜಾರಿನಲ್ಲಿ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟು ನಿಲ್ಲುವುದೇ ಈ ಕೀಲಿಗೆ ಆಗದು.

ಕಾಲು ಸೋತರೆ, ಮೂತ್ರದ ಹಿಡಿತ ತಪ್ಪಿದರೆ, ತೊಡೆಯ ಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ವ್ಯಾಯಾಮ ಅಂತ ಕೂರಬೇಡ, ಅವತ್ತೇ ಆಸ್ಪತ್ರೆಗೆ ಹೋಗು. ಜ್ವರ ಬಂದರೂ ಡಾಕ್ಟರಿಗೆ ತೋರಿಸು.

ಭಾನುವಾರ ಮೂಡಿಗೆರೆಯಿಂದ ಮೊದಲ ಬಸ್ಸಿಗೇ ಬರುತ್ತೇನೆ. ಚಾಪೆ ಹಾಸಿಡು, ಪಕ್ಕದಲ್ಲೇ ಮಲಗಿ ತೋರಿಸುತ್ತೇನೆ. ಅಷ್ಟು ಹೊತ್ತು ಮಗುವನ್ನು ದೊಡ್ಡಮ್ಮ ನೋಡಿಕೊಳ್ಳಲಿ.